ಸರಳು ಕಾರಿನಡಿ ಸೇರಿದ ಸಂಗತಿ

ಗ್ಯಾರೇಜಿನ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ

ನನ್ನ ದೊಡ್ಡೋನೇ,

ಹೇಗಿದ್ದೀಯೋ? ಹೊತ್ತು ಹೊತ್ತಿಗೆ ಉಣ್ಣುತ್ತೀಯಾ? ಆ ಹಾಳು ಕೆಮ್ಮು ಹೋಯಿತಾ, ಇಲ್ಲಾ ಇನ್ನೂ ಸಾಕಿಕೊಂಡಿದ್ದೀಯಾ? ನೀನು ಇಳಿದು ಹೋಗಿದ್ದೀಯ, ಗಡ್ಡ ಬಿಟ್ಟಿದ್ದೀಯ, ಮನೆಯ ಮಾತೆತ್ತಿದರೆ ನೆಲ ನೋಡುತ್ತೀಯ ಅಂತ ನಿನ್ನ ಸೋದರತ್ತೆ ಬಂದು ಹೇಳಿದಳು. ನೆಲದಲ್ಲಿ ಏನಿದೆಯೋ ನೋಡುವುದಕ್ಕೆ? ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ, ಆದರೂ ಮೆಷಿನ್ ತುಳಿದು ಕಾರುಗಳಿಗೆ ಸೀಟು ಕವರ್ ಹೊಲಿಯುವುದು ನಿಂತಿಲ್ಲ. ನಿನ್ನ ತಮ್ಮ ಬದುಕಿದ್ದಾನೆ ಅಂತ ಅತ್ತೆ ಹೇಳಿದರೆ ನೀನು ನಂಬಲೇ ಇಲ್ಲವಂತೆ, ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡೆಯಂತೆ. ಈಗ ಹೆತ್ತವಳು ಬರೆಯುತ್ತಿದ್ದೇನೆ, ನಂಬು. ಬದುಕಿದ್ದಾನೆ. ಬದುಕಿ ನನ್ನ ಜೀವ ತಿನ್ನುತ್ತಿದ್ದಾನೆ.

ಆವತ್ತು ನಾನು ಬಾಗಿಲಲ್ಲೇ ನಿಂತಿದ್ದೆ, ಎಲ್ಲ ನೋಡಿದೆ. ಅಪ್ಪ ಬಿಟ್ಟು ಹೋದ ಆ ಕೆಂಪು ಕಾರು ಒಂದು, ನೀವಿಬ್ಬರು ಕೋಣಗಳು. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲದ ಹಾಗೆ ಹಿಂದಿನ ಎರಡು ಚಕ್ರಗಳನ್ನೂ ಹಿಡಿದಿಡುವ ಸರಳು, ಸ್ವೇ ಬಾರ್ ಅಂತ ಆಸೆಪಟ್ಟು ತಂದವನು ನೀನು. ಅದರ ಒಂದೊಂದು ತೋಳಿಗೂ ಎರಡೆರಡು ತೂತು. ಒಳಗಿನ ತೂತಿಗೆ ಕಟ್ಟಿದರೆ ಕಾರು ಬಿಗಿಯಾಗಿ ನಿಲ್ಲುತ್ತದೆ ಅಂತ ನೀನು, ಹಾಗೆ ಕಟ್ಟಿದರೆ ಹಿಂಭಾಗ ರಸ್ತೆ ಬಿಟ್ಟು ತಿರುಗುತ್ತದೆ, ತುದಿಯ ತೂತೇ ಸರಿ ಅಂತ ಅವನು. ಒಂದು ತೂತಿಗಾಗಿ ಒಡಹುಟ್ಟಿದವರು ಕತ್ತಿನ ಪಟ್ಟಿ ಹಿಡಿದುಕೊಂಡಿರಿ. ಅವನು ನಿನ್ನ ಮುಖಕ್ಕೆ ಉಗಿದ. ನೀನು ಆ ಸರಳನ್ನೇ ಎತ್ತಿ ಬೀಸಿದೆ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವನ ಎಡಗೈ ಮೊಣಕೈಯಿಂದ ಕೆಳಗೆ ಜೋತು ಬಿತ್ತು, ತಲೆ ಕಾರಿನ ಬಂಪರಿಗೆ ಬಡಿದು ಕಿವಿಯಿಂದ ರಕ್ತ ಬಂತು. ನಾನು ಅವನನ್ನು ಎತ್ತುವುದೋ ನಿನ್ನನ್ನು ಹಿಡಿಯುವುದೋ ಅನ್ನುವಷ್ಟರಲ್ಲಿ ನೀನು ಗೇಟು ದಾಟಿದ್ದೆ. ಆಗ ನಿನ್ನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ, ಕೈಗೆ ಸಿಕ್ಕಿದ್ದರೆ ಇನ್ನೊಂದು ಹೆಣ ನಾನೇ ಬೀಳಿಸುತ್ತಿದ್ದೆ.

ಆಸ್ಪತ್ರೆಯಿಂದ ಬಂದ ದಿನವೇ ಅವನು ಆ ಸರಳನ್ನು ಹುಡುಕಿ ತೆಗೆದು ಹಾಸಿಗೆಯ ಪಕ್ಕ ಇಟ್ಟುಕೊಂಡ. ಅವನ ಎಡಗೈ ಈಗ ಭುಜದ ಮೇಲಕ್ಕೆ ಏಳುವುದಿಲ್ಲ. ಬಲಗೈಯಲ್ಲೇ ಬೀಸಿ ಬೀಸಿ ಅಭ್ಯಾಸ ಮಾಡಿದ, ಅಪ್ಪ ಹಾಕಿಸಿದ ಗೋಡೆಯ ಗಾರೆ ಪೂರ್ತಿ ಉದುರಿತು, ಕಿಟಕಿಗೆ ಗಾಜಿಲ್ಲ, ರಟ್ಟು ಹೊಡೆದಿದ್ದೇವೆ. "ಅವನ ಸಾಮಾನು ಅವನ ತಲೆಗೇ ತಲುಪಿಸ್ತೀನಿ" ಅನ್ನುವುದೊಂದೇ ಮಾತು, ತಿನ್ನುವಾಗಲೂ ಅದೇ. ಒಂದು ದಿನ ನಮ್ಮ ಪೇಂಟರ್, ಬಾಯಿ ಸುಮ್ಮನಿರದೆ, ನಿನ್ನನ್ನು ಕೊಲೆಗಡುಕ ಅಂದ. ನಿನ್ನ ತಮ್ಮ ಅವನನ್ನು ಗೋಡೆಗೆ ಒತ್ತಿ, ತುಟಿ ಸೀಳುವ ಹಾಗೆ ಗುದ್ದಿದ. "ನನ್ನಣ್ಣನ್ನ ಬೈಯೋಕೆ ನಾನಿದ್ದೀನಿ, ನೀನ್ಯಾವನೋ" ಅಂದ. ಪೇಂಟರನ ಬಾಯಿ ಒರೆಸುತ್ತಾ ನನಗೆ ಒಳಗೊಳಗೇ ನಗು ಬಂತು, ಪಾಪ.

ನಗು ಅಲ್ಲಿಗೇ ಮುಗಿಯಿತು. ಅತ್ತೆ ನಿನ್ನ ವಿಳಾಸ ಹೇಳುವಾಗ ನಿನ್ನ ತಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ. ಮಾರನೆಯ ಬೆಳಿಗ್ಗೆ ನೋಡಿದರೆ ಕಾರಿನ ಹೊದಿಕೆ ತೆಗೆದು, ಸರಳನ್ನು ಪಕ್ಕದ ಸೀಟಿನಲ್ಲಿ ಮಲಗಿಸಿ, ಟೈರಿಗೆ ಗಾಳಿ ತುಂಬುತ್ತಿದ್ದಾನೆ. ಕಾಲು ಹಿಡಿದರೆ ಒದ್ದು ಹೋಗುವವನು, ಅತ್ತರೆ ಇನ್ನೂ ಬೇಗ ಹೋಗುವವನು. ನಿಮ್ಮಿಬ್ಬರನ್ನೂ ಹೆತ್ತವಳಲ್ಲವೇ, ನಿಮ್ಮ ಕಿವಿ ಎಲ್ಲಿ ಹಿಂಡಬೇಕೆಂದು ನನಗೆ ಗೊತ್ತು. "ಹೋಗು ರಾಜಾ, ಆದರೆ ಘಟ್ಟದ ರಸ್ತೆಯಲ್ಲಿ ಈ ಕಾರು ವಾಲಿ ಕಮರಿಗೆ ಬೀಳುತ್ತೆ, ಸರಳು ಹಾಕಿಕೊಂಡು ಹೋಗು ಅನ್ನೋಣ ಅಂದರೆ ಈ ಒಂಟಿ ಕೈಯಲ್ಲಿ ನಿನ್ನಿಂದ ಎಲ್ಲಾಗುತ್ತೆ, ನಿನ್ನಣ್ಣನಾಗಿದ್ದರೆ ಮಧ್ಯಾಹ್ನದೊಳಗೆ ಮುಗಿಸಿರುತ್ತಿದ್ದ" ಅಂದೆ. ಅವನ ಮುಖ ಕೆಂಪಾಯಿತು. ಕೈಯಲ್ಲಿದ್ದ ಪಂಪನ್ನು ಎಸೆದ. ಅದು ನನ್ನ ಕಿವಿಯ ಪಕ್ಕದಲ್ಲೇ ಹಾದು ತಗಡಿಗೆ ಬಡಿಯಿತು. ಜ್ಯಾಕ್ ತಂದ.

ಆಮೇಲೆ ಗ್ಯಾರೇಜಿನಲ್ಲಿ ನಡೆದದ್ದು ಕೆಲಸವಲ್ಲ, ಯುದ್ಧ. ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಅಡಿಯಲ್ಲಿ ಹಳೆಯ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು, ಎಣ್ಣೆ ಬಿಟ್ಟರೂ ಅಲ್ಲಾಡಲಿಲ್ಲ. ಸುತ್ತಿಗೆಯಲ್ಲಿ ಜಪ್ಪಿದ, ಉಳಿ ಇಟ್ಟು ತಲೆ ಹಾರಿಸಿದ, ಒಂದೊಂದು ಏಟಿಗೂ ನಿನ್ನನ್ನು ಕರೆದು ಒಂದೊಂದು ಬೈಗುಳ. ನಿನಗೆ ಅಷ್ಟು ಬಗೆಯ ಹೆಸರುಗಳಿವೆ ಅಂತ ಹೆತ್ತ ನನಗೇ ಗೊತ್ತಿರಲಿಲ್ಲ. ಸ್ಪ್ಯಾನರ್ ಜಾರಿ ಗೆಣ್ಣುಗಳ ಚರ್ಮ ಕಿತ್ತು ಬಂತು, ರಕ್ತ ಗ್ರೀಸಿನ ಜೊತೆ ಬೆರೆತು ಅವನ ಎದೆಯ ಮೇಲೆ ತೊಟ್ಟಿಕ್ಕಿತು, ಅವನು ಒರೆಸಿಕೊಳ್ಳಲೂ ಇಲ್ಲ. ಸರಳಿಗೆ ರಬ್ಬರಿನ ಬುಷ್ ತೊಡಿಸಿ ಮೇಲೆತ್ತಬೇಕಾದಾಗ ಅವನ ಎಡಗೈ ಕೈ ಕೊಟ್ಟಿತು. ಸರಳು ಜಾರಿ ಅವನ ಗಂಟಲ ಮೇಲೇ ಬಿತ್ತು. ಉಸಿರು ಸಿಕ್ಕಿಕೊಂಡು ಕಾಲು ಬಡಿಯುತ್ತಿದ್ದವನ ಪಕ್ಕ ನಾನು ಈ ಮಂಡಿ ಎಳೆದುಕೊಂಡು ತೂರಿ, ಅದನ್ನು ಎತ್ತಿ ಹಿಡಿದೆ. ನೀನು ಅವನಿಗೆ ಹೊಡೆದ, ಅವನು ಗೋಡೆಗೆ ಹೊಡೆದ ತುದಿಯಲ್ಲಿ ಸರಳಿನ ಕಪ್ಪು ಬಣ್ಣ ಎದ್ದು ಹೋಗಿತ್ತು. ಅದು ಇಬ್ಬರ ಮೂಗಿನ ಮುಂದೆಯೇ ಇತ್ತು. ಅವನು ಅದರ ಮೇಲೆ ಹೆಬ್ಬೆರಳು ಇಟ್ಟು ಉಜ್ಜಿದ. ನನಗೆ ಅಳು ತಡೆಯಲಾಗಲಿಲ್ಲ. "ಗಟ್ಟಿ ಹಿಡಿಯಮ್ಮ, ಅಳೋದು ಆಮೇಲೆ" ಅಂದ.

ಸರಳನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್‌ಗಳನ್ನು ಯಾವ ತೂತಿಗೆ ಕಟ್ಟಿದ ಅಂದುಕೊಂಡೆ? ನಿನ್ನ ಒಳಗಿನ ತೂತಿಗೇ. ಯಾಕೋ ಅಂದೆ. "ಅವನು ಹೇಳಿದ್ದು ಸುಳ್ಳು ಅಂತ ಗೊತ್ತಾಗ್ಲಿ, ಕೂತ್ಕೋ" ಅಂತ ನನ್ನನ್ನು ಸೀಟಿಗೆ ದಬ್ಬಿ, ಗೋದಾಮಿನ ಹಿಂದಿನ ತಿರುವಿಗೆ ಕಾರನ್ನು ನುಗ್ಗಿಸಿದ. ಮೊದಲು ವಾಲಲೇ ಇಲ್ಲ, ಹಲಗೆಯ ಹಾಗೆ ನೆಟ್ಟಗೆ ಹೋಯಿತು, ನೀನು ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಅವನು ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದ್ದೇ ತಡ, ಹಿಂಭಾಗ ಕಿತ್ತುಕೊಂಡು ತಿರುಗಿತು. ಆಕಾಶ ಬಂತು, ಗೋಡೆ ಬಂತು, ನನ್ನ ಹಣೆ ಗಾಜಿಗೆ ಹೊಡೆಯಿತು, ಇನ್ನೊಂದು ಗೇಣು ಸರಿದಿದ್ದರೆ ಇಬ್ಬರೂ ಆ ಗೋಡೆಗೆ ಮೆತ್ತಿಕೊಂಡಿರುತ್ತಿದ್ದೆವು. ಕಾರು ನಿಂತ ಮೇಲೆ ನಾನು ಅವನ ಕೆನ್ನೆಗೆ ಬಿಗಿದೆ. ಅವನು ನಗುತ್ತಿದ್ದ, ಮಗನೇ. ನೀನು ಹೋದ ಮೇಲೆ ಮೊದಲ ಸಲ ನಕ್ಕ. "ನೋಡಿದ್ಯಾ, ನಾನು ಹೇಳಿರ್ಲಿಲ್ವಾ? ಅವನ್ನ ಕೂರಿಸ್ಕೊಂಡು ಇದೇ ತಿರುವಲ್ಲಿ ತೋರಿಸ್ಬೇಕು." ತಲೆ ಒಡೆಯಬೇಕು ಅನ್ನಲಿಲ್ಲ, ತೋರಿಸಬೇಕು ಅಂದ. ಎರಡು ಸಲ ಹೇಳಿಸಿ ಕೇಳಿದೆ. ಆದರೂ ಮರುಕ್ಷಣವೇ ನಿನ್ನ ಹೆಸರಿಗೆ ಹಲ್ಲು ಕಡಿದ, ಆದ್ದರಿಂದ ಪೂರ್ತಿ ನಂಬಬೇಡ, ನಾನೂ ನಂಬಿಲ್ಲ. ಮನೆಗೆ ಬಂದು ತನ್ನ ತುದಿಯ ತೂತಿಗೆ ಬದಲಾಯಿಸಿದ. ಚಕ್ರದ ಮೇಲೆ ಕಾರಿನ ಭಾರ ಕೂತ ಮೇಲೆಯೇ ಕೊನೆಯ ಬಿಗಿ ಕೊಡಬೇಕು ಅಂತ ನಿಮ್ಮಪ್ಪ ಹೇಳುತ್ತಿದ್ದರಲ್ಲ, ಆ ಬಿಗಿ ನಾನೇ ಕೊಟ್ಟೆ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಕಾಲಲ್ಲಿ ಒದ್ದು.

ಗಡ್ಡ ತೆಗೆಸು. ಕೆಮ್ಮಿಗೆ ಔಷಧಿ ತೆಗೆದುಕೋ. ಎಲ್ಲಿದ್ದರೂ ನೂರು ವರ್ಷ ಬಾಳು, ಆ ನೂರು ವರ್ಷದಲ್ಲಿ ಸ್ವಲ್ಪವಾದರೂ ನನ್ನ ಕಣ್ಣ ಮುಂದೆ ಬಾಳು.

ನಿಮ್ಮಿಬ್ಬರ ನಡುವೆ ಅರೆದು ಹೋದ,
ಅಮ್ಮ

ಮರೆತೆ. ಲಾರಿಯಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಇವತ್ತೇ ನಿನ್ನ ಕಡೆಗೆ ಹೊರಟವನು. ನಿನ್ನ ತಮ್ಮ ನಾಳೆ ಹೊರಡುತ್ತಾನೆ. ಓಡಿ ಹೋಗಬೇಡ. ಪತ್ರದ ಜೊತೆ ಹಳೇ ಬನಿಯನ್‌ನಲ್ಲಿ ಸುತ್ತಿ ಒಂದು ಸ್ಪ್ಯಾನರ್ ಕಳಿಸಿದ್ದೇನೆ. ಆ ಸರಳು ಕಟ್ಟಿದ ಬೋಲ್ಟಿಗೆ ಹತ್ತುವುದು ಇದೊಂದೇ, ಬೇರೆ ಯಾವುದು ಹಾಕಿದರೂ ಜಾರುತ್ತದೆ, ಇದಿಲ್ಲದೆ ಸರಳು ಬಿಚ್ಚಲು ಬರುವುದಿಲ್ಲ. ಅವನು ಇದನ್ನೇ ಇನ್ನೂ ಹುಡುಕುತ್ತಿದ್ದಾನೆ. ಸರಳು ಕಾರಿನಡಿಯಲ್ಲೇ ಬರುತ್ತದೆ, ಅವನು ಬರಿಗೈಯಲ್ಲಿ ಬರುತ್ತಾನೆ. ಬಾಗಿಲು ತೆಗೆ. ಒಂದು ಏಟು ಹೊಡೆದರೆ ತಿನ್ನು, ಎರಡನೆಯದಕ್ಕೆ ಕೈ ಹಿಡಿದುಕೋ. ಎಡಗೈ ಮಾತ್ರ ಹಿಡಿಯಬೇಡ, ಅದು ಇನ್ನೂ ನೋಯುತ್ತದೆ.