ಮಾವನವರ ಗಡಿಯಾರದ ಕೀಲಿ

೧೭-೭-೨೦೨೫, ಗುರುವಾರ

ತಲಿ ಕೆಟ್ಟುಹೋಗಿದೆ. ಮಾವನವರು ಕೈಯಾರೆ ಮಾಡಿದ ಗೋಡೆ ಗಡಿಯಾರವನ್ನು ಬೈಲಹೊಂಗಲದ ಮ್ಯೂಸಿಯಂಗೆ ಕೊಟ್ಟು ತಿಂಗಳಾಯಿತು. ಸೋಮವಾರಕ್ಕೊಮ್ಮೆ ಕೀಲಿ ತಪ್ಪಿಸಬ್ಯಾಡ್ರಿ ಎಂದು ಹತ್ತು ಸಲ ಹೇಳಿ ಬಂದಿದ್ದೆ. ಇವತ್ತು ಹೋಗಿ ನೋಡಿದರೆ ನಿಂತುಬಿಟ್ಟಿದೆ. ಕೇಳಿದ್ದಕ್ಕೆ ಅಲ್ಲಿನ ಮೇಲ್ವಿಚಾರಕ ಬಾಳೇಶ, "ಸೋಮವಾರ ಅಷ್ಟ ಅಲ್ರಿ ಅಕ್ಕಾರ, ದಿನಾ ಕೀಲಿ ಹಾಕತೇವಿ" ಎಂದು ಗಾಜಿನ ಕಪಾಟಿನ ಬೀಗ ಜಗ್ಗಿ ತೋರಿಸಿದ.

"ತಮ್ಮಾ, ಗಡಿಯಾರಕ್ಕ ಕೀಲಿ ಕೊಡೂದಂದ್ರ ಕಿವಿ ಹಿಂಡಿದಂಗ ತಿರುವೂದು. ನಿನಗ ಹಿಂಡಿ ತೋರಿಸಲೇನು?" ಎಂದೆ.

"ಹಳೇ ಸಾಮಾನ ಮುಟ್ಟೂಹಂಗಿಲ್ರಿ" ಅಂತಾನೆ.

ಮನೆಗೆ ಬಂದ ಕೂಡಲೇ ಹಾಸಿಗೆ ಹಿಡಿದ ಮಾವನವರು, "ಗಡಿಯಾರ ಓಡಾಕತ್ತೈತೇನವ್ವಾ?" ಎಂದರು. ಹಣೆ ತುಂಬಾ ವಿಭೂತಿ ಇಟ್ಟುಕೊಂಡು "ಹೂಂರಿ" ಎಂದುಬಿಟ್ಟೆ. ಶಿವನೇ, ಈ ಪಾಪದಾಗ ಅರ್ಧ ಬಾಳೇಶಂದು. ಉಳಿದರ್ಧಕ್ಕೆ ನಿದ್ದಿ ಬರವಲ್ದು.