ಹದಿನೈದನೆಯ ಮುದ್ರೆ

ಪ್ರಯೋಗ ಪರಿಶೀಲನಾ ಸಮಿತಿಯ ಘನ ಅಧ್ಯಕ್ಷರೇ,

ಮಾರ್ಚ್ ಮೂವತ್ತೊಂದರಂದು ನಮ್ಮ ಆರು ವರ್ಷಗಳ ದತ್ತಾಂಶವನ್ನೆಲ್ಲ ಅಳಿಸಬೇಕೆಂದು ತಾವು ಆಜ್ಞೆ ಹೊರಡಿಸಿದ್ದೀರಿ. ಕಾರಣ, 'ಫಲಿತಾಂಶ ಶೂನ್ಯ'. ಸ್ವಾಮಿ, ಶೂನ್ಯವೋ ಅಲ್ಲವೋ ನಮಗೇ ಗೊತ್ತಿಲ್ಲ. ನಾವಿನ್ನೂ ನೋಡಿಯೇ ಇಲ್ಲ! ವಾರ್ಷಿಕ ವರದಿಯಲ್ಲಿ ಪ್ರತಿ ಸಲ 'ಇನ್ನೂ ನೋಡಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದದ್ದೇ ತಪ್ಪಾಯಿತು.

ಕಿತಕಾಮಿ ಬೆಟ್ಟದಡಿಯ ಸುರಂಗದಲ್ಲಿ ನಾವು ಕಣಗಳನ್ನು ಡಿಕ್ಕಿ ಹೊಡೆಸುತ್ತೇವೆ. ಮುಂಚೆ ಇದ್ದಷ್ಟು ಶಕ್ತಿ ಆಮೇಲೆ ಸಿಗದಿದ್ದರೆ, ಕಣ್ಣಿಗೆ ಕಾಣದ ಯಾವುದೋ ಅದನ್ನು ಹೊತ್ತೊಯ್ದಿದೆ ಎಂದರ್ಥ. ಪಾತ್ರೆಯ ಹಾಲು ಕಡಿಮೆಯಾದರೆ ಬೆಕ್ಕು ಬಂದಿತ್ತೆಂದು ತಿಳಿಯುವ ಹಾಗೆ. ಆ ಬೆಕ್ಕು, ವಿಶ್ವವನ್ನೆಲ್ಲ ತುಂಬಿರುವ ಡಾರ್ಕ್ ಮ್ಯಾಟರ್ ಇರಬಹುದು. ಆದರೆ ಆಸೆಗಣ್ಣಿಗೆ ಇಲ್ಲದ್ದೂ ಕಾಣುತ್ತದೆ. ಅದಕ್ಕೇ ನಮ್ಮಲ್ಲೊಂದು ನೇಮ: ತಪಾಸಣೆಗಳೆಲ್ಲ ಮುಗಿದು ಹದಿನೈದು ಮಂದಿ ಮುದ್ರೆ ಒತ್ತುವವರೆಗೆ ಆ ದತ್ತಾಂಶವನ್ನು ಯಾರೂ ತೆರೆಯುವಂತಿಲ್ಲ. ತಪಾಸಣೆ ಹೋದ ಜೂನ್‌ನಲ್ಲೇ ಮುಗಿಯಿತು. ಹದಿನಾಲ್ಕು ಮುದ್ರೆ ಬಿದ್ದಿವೆ. ಉಳಿದದ್ದು ತಮ್ಮದು. ಬೆರಳತುದಿಯಷ್ಟು ಕೆಂಪು ಮಸಿ ಒತ್ತಲು ಒಂಬತ್ತು ತಿಂಗಳು ಸಾಲದೇ? ತಾವೇ ಬೀಗ ಹಾಕಿಟ್ಟು, ಒಳಗೇನೂ ಇಲ್ಲವೆಂದು ತಾವೇ ತೀರ್ಪು ಕೊಡುವುದು ಯಾವ ಊರಿನ ನ್ಯಾಯ?

ಮೊನ್ನೆ ಸಹೋದ್ಯೋಗಿ ಓನೊದೆರಾ ಅನ್ನದುಂಡೆಯನ್ನು ಅರ್ಧಕ್ಕೇ ಕೆಳಗಿಟ್ಟ. "ಅಕ್ಕಾ, ಪಾಸ್‌ವರ್ಡ್ ನಿನ್ ಹತ್ರಾನೇ ಇದೆ. ಒಂದ್ಸಲ ಇಣುಕಿಬಿಡೋಣ. ಯಾರಿಗ್ ಗೊತ್ತಾಗತ್ತೆ?"

"ನಂಗ್ ಗೊತ್ತಾಗತ್ತಲ್ಲೋ ಮಾರಾಯ."

"ದೊಡ್ಡ ಸತ್ಯಹರಿಶ್ಚಂದ್ರನ ತಂಗಿ! ಸಾಸಾಮೊರಿ ಮೇಷ್ಟ್ರು ಆ ಮುದ್ರೆ ಬೀಳೋವರ್ಗೂ ಇರ್ತಾರಾ?"

ಈ ನೇಮ ಕಲಿಸಿದವರೇ ಸಾಸಾಮೊರಿಯವರು. ಈಗ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾರೆ. ಹೋದಾಗಲೆಲ್ಲ ಒಂದೇ ಪ್ರಶ್ನೆ: "ತೆಗೆದ್ರೇನಮ್ಮಾ?" ಭಾನುವಾರ ತಡೆಯಲಾರದೆ, "ಕದ್ದು ನೋಡ್ಕೊಂಡ್ ಬಂದು ಹೇಳ್ಲಾ ಮೇಷ್ಟ್ರೇ?" ಎಂದುಬಿಟ್ಟೆ. ಹಿಡಿದಿದ್ದ ಕೈ ಬಿಡಿಸಿಕೊಂಡರು. "ಹಂಗ್ ಮಾಡೋದಾದ್ರೆ ಇನ್ಮೇಲ್ ಬರಬೇಡ." ಹೊರಗೆ ಬಂದು ನಾಚಿಕೆಬಿಟ್ಟು ಅತ್ತೆ, ಅಧ್ಯಕ್ಷರೇ.

ಡಾರ್ಕ್ ಮ್ಯಾಟರ್ ಸಿಕ್ಕೇ ಸಿಗುತ್ತದೆಂದು ನಾನು ಆಣೆಯಿಡುವುದಿಲ್ಲ. ಇಲ್ಲದಿದ್ದರೆ ಇಲ್ಲವೆಂದೇ ಮೇಷ್ಟ್ರಿಗೆ ಹೇಳುತ್ತೇನೆ. ಅದೂ ಅವರಿಗೆ ಉತ್ತರವೇ. ಆದರೆ ಅಳಿಸುವ ಕೆಲಸಕ್ಕೆ ತಾವು ನನ್ನ ಹೆಸರನ್ನೇ ಬರೆದಿದ್ದೀರಿ. ನೇಮ ಮೀರಿ ಅಭ್ಯಾಸವಿಲ್ಲದವಳು ನಾನು. ಮೂವತ್ತೊಂದು ಬಂದರೆ ಹೇಳಿದ ಹಾಗೆ ಅಳಿಸಿಯೂ ಬಿಡುತ್ತೇನೆ. ನನಗೆ ಹೆದರಿಕೆಯಾಗಿರುವುದು ಅದಕ್ಕೇ. ಅಷ್ಟರೊಳಗೆ ಮುದ್ರೆ ಒತ್ತಿ, ದಮ್ಮಯ್ಯ.

ಇಂತಿ,
ಹೇಳಿದ ಮಾತು ಕೇಳಿಯೇ ಕೆಟ್ಟ,
ಕುರಮೋಚಿ ಫುಮಿಯೆ