ಹುಳದ ಮನೆಯಲ್ಲಿ ತಣ್ಣಗಾದ ಕಾಲು

ಕೈಲಾಂಚ
18 ಜನವರಿ 2025

ಪ್ರೀತಿಯ ಮೈದುನ ನಟರಾಜನಿಗೆ ನಿನ್ನ ಅತ್ತಿಗೆಯ ತುಂಬು ಆಶೀರ್ವಾದಗಳು.

ಹಾಸನದ ಚಳಿಯಲ್ಲಿ ಹೇಗಿದ್ದೀಯ? ಬಸ್ಸು ಓಡಿಸಿ ಓಡಿಸಿ ಸೊಂಟ ಹಿಡಿದುಕೊಂಡಿಲ್ಲ ತಾನೇ? ಕಾಲು ಹೇಗಿದೆ? ಇಲ್ಲಿ ನಿಮ್ಮಣ್ಣ ಎರಡೂ ಕಾಲೂರಿ ಅಂಗಳದಲ್ಲಿ ಓಡಾಡುತ್ತಿದ್ದಾರೆ. ಎರಡೂ ಎಂದು ಬರೆದು ಖುಷಿಗೆ ಅದರ ಕೆಳಗೆ ಗೆರೆ ಎಳೆದಿದ್ದೇನೆ. ನೀನು ಡ್ಯೂಟಿ ಬಿಟ್ಟು ಓಡಿಬರುತ್ತೀಯ ಅಂತ ಇಷ್ಟು ದಿನ ಹೇಳಲು ಬಿಡಲಿಲ್ಲ, ಮಹಾರಾಯರು.

ಹದಿನೈದು ದಿನದ ಹಿಂದೆ ನಮ್ಮ ರೇಷ್ಮೆಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಹೊತ್ತು. ಬೆಳಿಗ್ಗೆಯೇ ಇವರ ಬಲಗಾಲು ಮರಗಟ್ಟಿತ್ತಂತೆ. ಚಳಿಗೆ ಹುಳ ಸೊರಗಿದರೆ ಕೆಂಡ ಇಡುತ್ತೇವಲ್ಲ, ಆ ಕೆಂಡಕ್ಕೇ ಕಾಲು ಒಡ್ಡಿ ಕೂತಿದ್ದಾರೆ ಪುಣ್ಯಾತ್ಮ! ಪಾದದ ಮೇಲೆ ಬೊಬ್ಬೆ ಎದ್ದಿದ್ದರೂ ಗೊತ್ತಾಗಿಲ್ಲ. ಮುಟ್ಟಿದರೆ ಕಾಲು ಬೆಳ್ಳಗೆ, ತಣ್ಣಗೆ. "ಹುಳ ಬುಟ್ಟು ಎಲ್ಗೂ ಬರಾಕಿಲ್ಲ ಕಣಮ್ಮಿ" ಅಂದರು. ಹೊರಗಿನವರನ್ನು ಹುಳದ ಮನೆಯ ಹೊಸ್ತಿಲು ತುಳಿಯಲು ಬಿಡದ ನಾನು ಪಕ್ಕದ ಮನೆಯ ಅಂಕಮ್ಮನಿಗೆ ಹೇಳಿ, ಹುಳ ಬಿಡಲು ಇಡೀ ಬೀದಿಯನ್ನೇ ಒಳಗೆ ಕರೆಸಿ, ಇವರನ್ನು ಅವಳ ಮಗ ಮಹೇಂದ್ರನ ಕಾರಿಗೆ ತಳ್ಳಿದೆ.

ಬೆಂಗಳೂರಿನ ಡಾಕ್ಟರು ಹೇಳಿದ್ದು ಇಷ್ಟು: ಮಂಡಿಯ ಹಿಂದೆ ರಕ್ತನಾಳ ಬಲೂನಿನಂತೆ ಊದಿ, ಅದರೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದೆ. ಇನ್ನೂ ತಡವಾಗಿದ್ದರೆ ಕಾಲು ಕತ್ತರಿಸಬೇಕಿತ್ತು. ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ, ಹೆಪ್ಪು ಕರಗಿಸುವ ಔಷಧಿಯನ್ನು ಇಡೀ ದಿನ ಬಿಟ್ಟರು. ನಾನು ಆ ಪಾದ ಬಿಟ್ಟು ಏಳಲಿಲ್ಲ. ಮಾರನೆಯ ದಿನ ನರ್ಸಮ್ಮ ಪಾದದ ಮೇಲೆ ಒಂದು ಕಡ್ಡಿ ಇಟ್ಟಾಗ ಮಿಷನ್ನಿನಿಂದ ಸರ್ ಸರ್ ಸದ್ದು ಬಂತು. ರಕ್ತ ಹರಿಯುವ ಸದ್ದಂತೆ. ಇವರು ಕಣ್ಣು ಬಿಟ್ಟು, "ಹುಳ ಸೊಪ್ಪು ತಿಂದಂಗೈತೆ ಕಣಮ್ಮಿ" ಅಂದರು. ನಾನು ವಾರ್ಡಿನಲ್ಲೇ ಜೋರಾಗಿ ಅತ್ತೆ, ನಕ್ಕೆ. ಆಮೇಲೆ ಆಪರೇಷನ್ ಮಾಡಿ ಆ ಊತಕ್ಕೂ ಒಂದು ಗತಿ ಕಾಣಿಸಿದರು. ಬೀದಿಯವರು ಬಿಟ್ಟ ಹುಳವೂ ಚೆನ್ನಾಗಿಯೇ ಗೂಡು ಕಟ್ಟಿದೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ,
ಶಿವಲಿಂಗಮ್ಮ

ಮರೆತಿಲ್ಲ, ಬೇಕೆಂದೇ ಕೊನೆಗೆ ಬರೆಯುತ್ತಿದ್ದೇನೆ: ಈ ಊತ ಒಡಹುಟ್ಟಿದವರಿಗೂ ಇರಬಹುದಂತೆ. ಪಿತೃಪಕ್ಷಕ್ಕೆ ಬಂದಾಗ ನೀನು ಎಡಮಂಡಿಯ ಹಿಂದೆ ಕೈಯಿಟ್ಟು, "ಡಬಡಬ ಅಂತೈತೆ ಅತ್ತಿಗೆ, ನನ್ ಕಾಲ್ಗೂ ಒಂದು ಹೃದಯ ಐತೆ" ಅಂದಿದ್ದೆ. ನಾವೆಲ್ಲ ನಕ್ಕಿದ್ದೆವು. ಈ ತಿಂಗಳ ಇಪ್ಪತ್ತೇಳಕ್ಕೆ ಅದೇ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ನಿನ್ನ ಹೆಸರು ಬರೆಸಿದ್ದೇನೆ. ಬಾ. ಬರದಿದ್ದರೆ ನಿಮ್ಮಣ್ಣ ಅದೇ ಕಾಲಲ್ಲಿ ಬಂದು ಎಳೆದುಕೊಂಡು ಬರುತ್ತಾರೆ.